ಸರ್ವೇಯರಮ್ಮನ ಜ್ವರ

ನಮ್ಮ ಕಚೇರಿಯಲ್ಲಿ ಯಾರಿಗೆ ಎದೆ ನೋವು ಬಂದರೂ ಅದು ಗ್ಯಾಸೇ. ನಲವತ್ತು ದಾಟಿದವರಿಗೆ ಬಂದರೆ ಗ್ಯಾಸು. ದಾಟದವರಿಗೆ ಬಂದರೆ ಗ್ಯಾಸೂ ಅಲ್ಲ, ಕೆಲಸ ತಪ್ಪಿಸಿಕೊಳ್ಳುವ ಉಪಾಯ. ಈ ವೈದ್ಯಶಾಸ್ತ್ರವನ್ನು ನಮ್ಮಲ್ಲಿ ಯಾರೂ ಓದಿ ಕಲಿತದ್ದಲ್ಲ. ಹೊಸದಾಗಿ ಸೇರಿದ ಜವಾನನಿಗೂ ಮೂರೇ ತಿಂಗಳಲ್ಲಿ ಬಂದುಬಿಡುತ್ತದೆ. ಎದೆ ಹಿಡಿದುಕೊಂಡವನ ಮುಂದೆ ಒಬ್ಬ ಸೋಡಾ ತಂದಿಡುತ್ತಾನೆ, ಇನ್ನೊಬ್ಬ ಓಮಿನ ಕಾಳು ತೆಗೆಯುತ್ತಾನೆ, ಮತ್ತೊಬ್ಬ ಬೆನ್ನಿಗೆ ಗುದ್ದುತ್ತಾನೆ. ತೇಗು ಬಂದರೆ ಕೇಸು ಮುಗಿಯಿತು. ಬಾರದಿದ್ದರೆ ಇನ್ನೊಂದು ಸೋಡಾ.

ಯಾವ ಕಚೇರಿ ಎಂದು ನಾನು ಹೇಳುವುದಿಲ್ಲ, ನಿವೃತ್ತಿಗೆ ಇನ್ನೂ ಎಂಟು ತಿಂಗಳಿದೆ. ನಂಜನಗೂಡಿನಿಂದ ನರಸೀಪುರಕ್ಕೆ ಹೋಗುವ ಬಸ್ಸು ಅದರ ಹತ್ತಿರ ನಿಲ್ಲುತ್ತದೆ, ಎರಡೂ ತಾಲ್ಲೂಕಿನ ಜಮೀನು ಅಳೆಯಲು ನಮ್ಮವರು ಹೋಗುತ್ತಾರೆ, ಅಷ್ಟು ಗೊತ್ತಿದ್ದರೆ ಸಾಕು. ನಾನು ಅಲ್ಲಿ ಮೂವತ್ತೆರಡು ವರ್ಷದಿಂದ ಗುಮಾಸ್ತ. ರಜೆ ಅರ್ಜಿ, ಸೇವಾ ಪುಸ್ತಕ, ಡಾಕ್ಟರ ಸರ್ಟಿಫಿಕೇಟು ಎಲ್ಲವೂ ನನ್ನ ಟೇಬಲ್ಲಿಗೆ ಬರುತ್ತವೆ. ಅವುಗಳ ಮೇಲೆ ನಾನು ಟಿಪ್ಪಣಿ ಬರೆದು ಸಾಹೇಬರ ಮುಂದೆ ಇಡಬೇಕು. ನನ್ನ ಟಿಪ್ಪಣಿಗಳಿಗೆ ಜಿಲ್ಲೆಯಲ್ಲೇ ಹೆಸರಿದೆ ಎಂದು ನಾನೇ ಎಷ್ಟೋ ಜನಕ್ಕೆ ಹೇಳಿದ್ದೇನೆ. ಅವುಗಳಲ್ಲಿ ಎರಡು ಸಾಲಿನದೊಂದು ಈಗ ನನ್ನನ್ನು ನೆಮ್ಮದಿಯಾಗಿರಲು ಬಿಡುತ್ತಿಲ್ಲ. ಅದಕ್ಕೇ ಈ ಹುಡುಗಿಯ ಬಗ್ಗೆ ಬರೆಯಲು ಕೂತಿದ್ದೇನೆ. ಹೆಸರು ಬೇಡ. ಕಚೇರಿಗೆಲ್ಲ ಅವಳು ಸರ್ವೇಯರಮ್ಮ, ಇಲ್ಲೂ ಹಾಗೇ ಇರಲಿ.

ಇಪ್ಪತ್ತೇಳು ವರ್ಷದ ಸರ್ವೇಯರಮ್ಮ. ಹುಲ್ಲಹಳ್ಳಿ ಹತ್ತಿರದ ಊರು. ತಂದೆ ಇಲ್ಲ. ತಾಯಿ ನಾಲ್ಕು ಹಸು ಕಟ್ಟಿಕೊಂಡು, ಡೇರಿಗೆ ಹಾಲು ಹಾಕಿ, ಇಬ್ಬರು ಹೆಣ್ಣುಮಕ್ಕಳನ್ನು ಓದಿಸಿದವರು. ಇವಳು ದೊಡ್ಡವಳು. ತಲೆಗೊಂದು ಕ್ರಿಕೆಟ್ ಟೋಪಿ, ಕಾಲಿಗೆ ಗಂಡಸರ ಬೂಟು, ಹೆಗಲಿಗೆ ನಕಾಶೆ ತುಂಬಿದ ಚೀಲ. ಮೊದಲ ಸಲ ಅವಳು ಜಮೀನಿಗೆ ಹೋದಾಗ ರೈತನೊಬ್ಬ ಅವಳ ಹಿಂದೆ ಇಣುಕಿ ನೋಡಿದನಂತೆ.

"ಸರ್ವೇಯರ್ ಸಾಯೇಬ್ರು ಎಲ್ಲವ್ವಾ?"

"ನಾನೇ ಕಣಣ್ಣ."

"ನೀನ್ ಸರಿ ಕಣವ್ವಾ. ಅಳ್ಯೋರು ಯಾರು?"

"ಅಳೆಯೋಳು ನಾನೇ, ಬೈಸ್ಕೊಳ್ಳೋಳೂ ನಾನೇ. ಮೊದಲು ಎಲ್ಲೆ ಕಲ್ಲು ತೋರ್ಸಣ್ಣ."

ನಮ್ಮ ಇಲಾಖೆಯಲ್ಲಿ ಹದ್ದುಬಸ್ತು ಎಂದು ಒಂದು ಕೆಲಸವಿದೆ. ಜಮೀನಿನ ಎಲ್ಲೆ ಎಲ್ಲಿಗೆ ಮುಗಿಯುತ್ತದೆ ಎಂದು ಅಳೆದು ತೋರಿಸಿ, ಅಕ್ಕಪಕ್ಕದವರ ಸಹಿ ಹಾಕಿಸಿಕೊಳ್ಳುವುದು. ಸಹಿ ಹಾಕುವ ಬದಲು ಅಕ್ಕಪಕ್ಕದವರು ಸಾಮಾನ್ಯವಾಗಿ ಗುದ್ದಲಿ ಎತ್ತುತ್ತಾರೆ. ಹಳೆಯ ಸರ್ವೇಯರುಗಳು ಆಗ ಜೀಪಿನ ಕಡೆ ನಡೆಯುತ್ತಿದ್ದರು. ಈ ಹುಡುಗಿಯದು ಬೇರೆ ಪದ್ಧತಿ. ಜಗಳ ಕಾಯುತ್ತಿರುವ ಅಣ್ಣತಮ್ಮಂದಿರನ್ನೇ ಕರೆದು ಟೇಪಿನ ಒಂದು ತುದಿ ಅಣ್ಣನ ಕೈಗೆ, ಇನ್ನೊಂದು ತುದಿ ತಮ್ಮನ ಕೈಗೆ ಕೊಡುವಳು. "ಬಿಗಿಯಾಗಿ ಎಳ್ದು ಹಿಡ್ಕೊಳ್ರಣ್ಣ. ಸಡಿಲ ಬಿಟ್ರೆ ಯಾರ್ ಬಿಟ್ರೋ ಅವ್ರ ಜಾಗ ಕಮ್ಮಿ ಆಯ್ತದೆ," ಎನ್ನುವಳು. ಅಣ್ಣತಮ್ಮಂದಿರು ಹಲ್ಲು ಕಚ್ಚಿಕೊಂಡು ಟೇಪು ಎಳೆಯುತ್ತಾ ನಿಲ್ಲುವರು. ಅಷ್ಟರಲ್ಲಿ ಇವಳು ಗುರುತು ಹಾಕಿ ಮುಗಿಸಿರುವಳು. ತಗಡೂರಿನ ಕಡೆ ಒಮ್ಮೆ ಹೀಗೆ ಅಳೆಸಿಕೊಂಡ ಇಬ್ಬರು ಅಣ್ಣತಮ್ಮಂದಿರು ಒಂಬತ್ತು ವರ್ಷದ ಮೇಲೆ ಒಬ್ಬರಿಗೊಬ್ಬರು "ಎಳೀಲಾ" ಎಂದು ಮಾತಾಡಿದರು ಎಂದು ಅವಳೇ ನಗುತ್ತಾ ಹೇಳಿದ್ದಳು.

"ಹೊಡೆದಾಡೋಕೆ ಕೈ ಖಾಲಿ ಇರಬಾರದು ಸಾರ್, ಅಷ್ಟೇ ಗುಟ್ಟು," ಎಂದಳು.

ಅಳತೆಯಲ್ಲಿ ಮಾತ್ರ ದಾಕ್ಷಿಣ್ಯವೇ ಇಲ್ಲ. ಊರಿನ ಪ್ರಮುಖರೊಬ್ಬರು ಎಳನೀರು ಕುಡಿಸಿ, ಮನೆಮಗಳೆಂದು ಕರೆದು, ಬದುವನ್ನು ಎರಡೇ ಎರಡು ಅಡಿ ಆಚೆಗೆ ನೋಡಬಾರದೇ ಎಂದು ಕೇಳಿದ್ದರು. ಇವಳು ಎಳನೀರು ಪೂರ್ತಿ ಕುಡಿದು, ಗಂಜಿಯನ್ನೂ ಕೆರೆದು ತಿಂದು, ಎರಡು ಅಡಿ ಅವರ ಕಡೆಯಿಂದಲೇ ಹೆಚ್ಚಿಗೆ ಒತ್ತುವರಿಯಾಗಿದೆ ಎಂದು ಬರೆದು ಬಂದಳು. ನಾನು ಬುದ್ಧಿ ಹೇಳಲು ಹೋದೆ. ದೊಡ್ಡವರನ್ನು ಎದುರು ಹಾಕಿಕೊಳ್ಳಬಾರದಮ್ಮ, ಬರೆಯುವುದರಲ್ಲಿ ಒಂದು ನಯ ಇರಬೇಕು ಎಂದೆ. ಅವಳು ನನ್ನನ್ನು ನೋಡಿ, "ನಯ ನಿಮ್ಮ ಟೇಬಲ್ಲಲ್ಲಿ ಇರಲಿ ಸಾರ್. ನಂದು ಹೊಲ," ಎಂದಳು.

ನಾವಿಬ್ಬರೂ ನಂಜನಗೂಡಿನಿಂದ ಒಂದೇ ಬಸ್ಸು. ಅವಳು ಹುಲ್ಲಹಳ್ಳಿಯಿಂದ ಬಂದು ಇಳಿದು ಈ ಬಸ್ಸು ಹತ್ತುತ್ತಿದ್ದಳು. ಹೆಜ್ಜೆ ಎಣಿಸುವುದು ಅವಳ ಚಾಳಿ. ಬಸ್ಸಿಳಿದು ಕಚೇರಿಯ ಮೆಟ್ಟಿಲಿಗೆ ಮುನ್ನೂರ ಹತ್ತು ಹೆಜ್ಜೆ ಎಂದು ಸೇರಿದ ವಾರದಲ್ಲೇ ಹೇಳಿದ್ದಳು. ನಾನು ಮೂವತ್ತೆರಡು ವರ್ಷ ನಡೆದಿದ್ದೇನೆ, ಒಂದು ದಿನವೂ ಎಣಿಸಿಲ್ಲ.

ಹೋದ ಮಳೆಗಾಲದ ಕೊನೆಯಲ್ಲಿ ಜ್ವರ ಬಂತು. ಆಗ ಎಲ್ಲರ ಮನೆಯಲ್ಲೂ ಜ್ವರ. ಹತ್ತು ದಿನ ಮಲಗೆದ್ದಳು. ಊರಿನ ಕ್ಲಿನಿಕ್ಕಿನ ಡಾಕ್ಟರು 'ವೈರಲ್ ಜ್ವರ, ಈಗ ಗುಣಮುಖ, ಕೆಲಸಕ್ಕೆ ಯೋಗ್ಯ' ಎಂದು ಸರ್ಟಿಫಿಕೇಟು ಕೊಟ್ಟರು. ಅದನ್ನು ತಂದು ನನ್ನ ಟೇಬಲ್ಲಿಗೆ ಹಾಕಿ ಟೋಪಿ ಇಟ್ಟುಕೊಂಡು ಹೊಲಕ್ಕೆ ಹೋದಳು. ನಾನು ಅರ್ಜಿಯನ್ನು ಪದ್ಧತಿಯಂತೆ ಬಾಕಿ ಇಟ್ಟೆ. ನನ್ನ ಟೇಬಲ್ಲಿನಿಂದ ಯಾವ ಕಾಗದವೂ ತಿಂಗಳೊಳಗೆ ಎದ್ದದ್ದಿಲ್ಲ, ಎದ್ದರೆ ಅದಕ್ಕೆ ಮರ್ಯಾದೆ ಇರುವುದಿಲ್ಲ.

ಎರಡು ವಾರ ಕಳೆದಿರಬೇಕು. ಬಸ್ಸಿಳಿದು ನಡೆಯುವಾಗ ಅವಳು ಬೇಲಿಯ ಕಂಬ ಹಿಡಿದು ನಿಂತಳು.

"ಇವತ್ತು ನೂರಾ ನಲವತ್ತಕ್ಕೇ ಉಸಿರು ಮುಗೀತು ಸಾರ್. ನಿನ್ನೆ ನೂರಾ ಎಂಬತ್ತಿತ್ತು. ಎದೆ ಸುಮ್ಮಸುಮ್ಮನೆ ಡಬಡಬ ಅಂತದೆ."

"ಗ್ಯಾಸು ಕಣಮ್ಮ," ಎಂದೆ ನಾನು. ಇನ್ನೇನು ಹೇಳಲಿ, ನಮ್ಮ ಕಚೇರಿಯವನಲ್ಲವೇ?

ಆ ದಿನ ಕಚೇರಿಯ ವೈದ್ಯಮಂಡಳಿ ಪೂರ್ತಿ ಸೇರಿತು. ಟೈಪಿಸ್ಟು ಜೀರಿಗೆ ಕಷಾಯ ಎಂದರು. ಡ್ರೈವರು, "ಕಾಲಿ ಒಟ್ಟೇಲಿ ಬತ್ತೀರಲ್ಲವ್ವಾ, ಬೆಳಿಗ್ಗೆ ಎದ್ದು ಒಂದ್ ಮುದ್ದೆ ಉಣ್ಣಿ," ಎಂದ. ಟಪಾಲು ನೋಡುವ ಹುಡುಗ ಫೋನಿನಲ್ಲಿ ಬಂದ ವಿಡಿಯೋ ತೋರಿಸಿ, ಎರಡು ಎಸಳು ಬೆಳ್ಳುಳ್ಳಿ ನುಂಗಿದರೆ ಎಂಥ ಬ್ಲಾಕೂ ಬಿಟ್ಟುಕೊಳ್ಳುತ್ತದೆ ಎಂದ. ನಾನು ನನ್ನ ಓಮಿನ ಕಾಳಿನ ಡಬ್ಬಿಯನ್ನೇ ಅವಳ ಮುಂದೆ ಇಟ್ಟೆ. ಅವಳು ಎಲ್ಲರದನ್ನೂ ಸ್ವಲ್ಪ ಸ್ವಲ್ಪ ತಿಂದು, ಮಾರನೆಯ ದಿನ ಒಂದು ದಿನದ ರಜೆ ಹಾಕಿ ಒಬ್ಬಳೇ ಮೈಸೂರಿಗೆ ಹೋಗಿ ಎದೆಯ ಡಾಕ್ಟರಿಗೆ ತೋರಿಸಿಕೊಂಡು ಬಂದಳು.

ಮರುದಿನ ಸಂಜೆ ನನ್ನ ಟೇಬಲ್ಲಿನ ಎದುರು ಕುರ್ಚಿ ಎಳೆದು ಕೂತಳು.

"ಗ್ಯಾಸ್ ಅಲ್ಲ ಸಾರ್. ವೈರಸ್ಸು ಹೋಯ್ತು, ಹೋಗೋವಾಗ ಹಾರ್ಟಿನ ಮಾಂಸಕ್ಕೆ ಬಾವು ಬರಿಸಿ ಹೋಗಿದೆಯಂತೆ. ಬಾಡಿಗೆಯವನು ಮನೆ ಖಾಲಿ ಮಾಡಿದ, ಗೋಡೆಗೆಲ್ಲ ಮೊಳೆ ಹೊಡೆದು ಹೋದ, ಹಂಗೆ."

"ಈ ವಯಸ್ಸಲ್ಲಾ?"

"ಚಿಕ್ಕ ವಯಸ್ಸಿನವರಿಗೇ ಜಾಸ್ತಿ ಗೊತ್ತಾಗಲ್ವಂತೆ. ಜ್ವರ ಬಿಡ್ತು ಅಂತ ಓಡಾಡ್ತಾರೆ, ಅದೇ ಕೆಟ್ಟದ್ದು ಅಂದ್ರು. ಆರು ತಿಂಗಳು ಬಿಸಿಲಲ್ಲಿ ತಿರುಗಾಟ ಇಲ್ಲ, ಬದು ಹತ್ತಿ ಇಳಿಯೋ ಹಂಗಿಲ್ಲ, ಭಾರ ಎತ್ತೋ ಹಂಗಿಲ್ಲ. ಕೂತು ಮಾಡೋ ಕೆಲಸ ಮಾಡಬಹುದು. ಹಂಗಿದ್ರೆ ಪೂರ್ತಿ ಸರಿಹೋಗೋ ಚಾನ್ಸ್ ಚೆನ್ನಾಗಿದೆ. ಹಂಗಿಲ್ಲದಿದ್ರೆ ಏನಾಯ್ತದೆ ಸಾರ್ ಅಂತ ಕೇಳ್ದೆ. ಅವರು ಮಾತ್ರೆ ಬರೆಯೋಕೆ ಶುರು ಮಾಡಿದ್ರು."

ಹೇಳಿ ಒಂದು ಕಾಗದ ನನ್ನ ಮುಂದಿಟ್ಟಳು. ಡಾಕ್ಟರು ಚೆನ್ನಾಗಿಯೇ ಬರೆದಿದ್ದರು: ಜ್ವರದ ನಂತರ ಹೃದಯದ ಸ್ನಾಯುವಿಗೆ ಉರಿಯೂತ, ಆರು ತಿಂಗಳು ಹಗುರ ಕೆಲಸ ಮಾತ್ರ. "ಇದನ್ನ ಫೈಲಿಗೆ ಹಾಕಿ ಸಾರ್. ಆರು ತಿಂಗಳು ನಾನು ಆಫೀಸಲ್ಲೇ ಕೂತ್ಕೋತೀನಿ," ಎಂದಳು. ಆಗಲಿ ಎಂದೆ. ನಾಳೆ ಟಪಾಲಿನ ನಂಬರು ಹಾಕಿಸಿದರಾಯಿತೆಂದು ಕಾಗದವನ್ನು ಡ್ರಾಯರಿನಲ್ಲಿಟ್ಟೆ.

ಮಾರನೆಯ ಬೆಳಿಗ್ಗೆ ಅವಳಿಗಿಂತ ಮೊದಲು ಅವಳ ತಾಯಿ ಬಂದರು. ಕೈಯಲ್ಲಿ ಸ್ಟೀಲಿನ ಡಬ್ಬಿ. ಹಸು ಕರು ಹಾಕಿತ್ತಂತೆ, ಗಿಣ್ಣು ತಂದಿದ್ದರು. ಏಲಕ್ಕಿ ಹಾಕಿ ಕಾಯಿಸಿದ ಗಿಣ್ಣಿನ ಪರಿಮಳಕ್ಕೆ ಅಕ್ಕಪಕ್ಕದ ಟೇಬಲ್ಲಿನವರೆಲ್ಲ ತಲೆ ಎತ್ತಿದರು.

"ಸಾ, ತಪ್ ತಿಳ್ಕಬ್ಯಾಡಿ. ಆ ಮೈಸೂರ್ ಡಾಕುಟ್ರು ಕೊಟ್ಟವ್ರಲ್ಲ ಕಾಗ್ದ, ಅದ ಫೈಲ್ಗೆ ಆಕ್ಬ್ಯಾಡಿ ಸಾ."

"ಯಾಕಮ್ಮ? ಅವಳಿಗೆ ಒಳ್ಳೇದಕ್ಕೇ ಅಲ್ವಾ?"

"ಆರ್ಟು ಅಂತ ಬರುದ್ಬುಟ್ಟವ್ರೆ. ಎಣ್ಮಗ ಸಾ ಅವ್ಳು. ನರ್ಸೀಪುರದ ಕಡೆ ಒಂದ್ ಸಂಬಂದ ಬಂದದೆ, ಗಂಡು ಐಸ್ಕೂಲ್ ಮೇಷ್ಟ್ರು. ನಿಮ್ ಟಪಾಲ್ ಹುಡ್ಗ ಅವ್ನಲ್ಲ, ಆ ಗಂಡಿಗೆ ಸ್ವಾದರತ್ತೆ ಮಗ ಕಣ್ ಸಾ. ಅವ್ನ್ ಕಣ್ಣಿಗ್ ಬಿದ್ರೆ ಮುಗೀತು. ನಾಳೆ ಯಾರ್ ಸಾ ನನ್ ಮಗಿನ ಕೇಳಾರು?"

ತಾಯಿಯ ಭಯ ಸುಳ್ಳಲ್ಲ. ನಮ್ಮ ಟಪಾಲು ಹುಡುಗ ಕಾಗದವನ್ನು ಮೊದಲು ಓದಿ, ಓದಿದ್ದನ್ನು ಟೀ ಅಂಗಡಿಯಲ್ಲಿ ಒಪ್ಪಿಸಿ, ಆಮೇಲೆ ನಂಬರು ಹಾಕುವವನು. ನನ್ನದೇ ಮಗಳ ಮದುವೆಗೆ ಮೊದಲು ಅವಳ ಕನ್ನಡಕದ ವಿಷಯವನ್ನು ನಾವು ಮನೆಯವರೆಲ್ಲ ಸೇರಿ ಒಂದು ವರ್ಷ ಮುಚ್ಚಿಟ್ಟಿದ್ದೆವು. ಹೆಣ್ಣುಮಕ್ಕಳ ಕಾಯಿಲೆಯನ್ನು ಮುಚ್ಚುವುದು ನಮ್ಮ ಕಡೆ ಸುಳ್ಳಲ್ಲ, ಸಂಸಾರಸ್ಥರ ಜವಾಬ್ದಾರಿ. ಗಂಡುಮಕ್ಕಳ ಕುಡಿತವನ್ನೂ ನಾವು ಅಷ್ಟೇ ಜವಾಬ್ದಾರಿಯಿಂದ ಮುಚ್ಚುತ್ತೇವೆ.

"ಆಯ್ತು ಹೋಗಮ್ಮ. ನಾನು ನೋಡ್ಕೋತೀನಿ," ಎಂದೆ. ಆ ತಾಯಿ ಕೈಮುಗಿದರು. ನನಗೆ ಒಂಥರಾ ದೊಡ್ಡಸ್ತಿಕೆ ಬಂತು.

ಬಾಕಿ ಇದ್ದ ಹಳೆಯ ಅರ್ಜಿಯನ್ನು ಎಳೆದೆ. ಊರ ಕ್ಲಿನಿಕ್ಕಿನ ಸರ್ಟಿಫಿಕೇಟು ಅದರಲ್ಲೇ ಇತ್ತು. ಗಿಣ್ಣಿನ ಒಂದು ಚೂರು ಬಾಯಿಗೆ ಹಾಕಿಕೊಂಡು ಬರೆದೆ: 'ಸದರಿ ನೌಕರರು ವೈರಲ್ ಜ್ವರದಿಂದ ಬಳಲಿ ಈಗ ಸಂಪೂರ್ಣ ಗುಣಮುಖರಾಗಿದ್ದು, ಕರ್ತವ್ಯಕ್ಕೆ ಯೋಗ್ಯರಿರುತ್ತಾರೆ. ಆದೇಶಕ್ಕಾಗಿ ಮಂಡಿಸಿದೆ.' ಒಂದು ಅಕ್ಷರ ಹೆಚ್ಚಿಲ್ಲ, ಒಂದು ಅಕ್ಷರ ಕಡಿಮೆ ಇಲ್ಲ. ಮೈಸೂರಿನ ಕಾಗದ ಡ್ರಾಯರಿನಲ್ಲೇ ಉಳಿಯಿತು.

ಆಮೇಲೆ ಸಾಹೇಬರ ಕೋಣೆಗೆ ಹೋಗಿ, "ಆ ಹುಡುಗಿಗೆ ಜ್ವರದ ಸುಸ್ತು ಇನ್ನೂ ಇದೆ ಸಾರ್, ಕೆಲವು ತಿಂಗಳು ಒಳಗೇ ಇರಲಿ," ಎಂದು ಬಾಯಿಮಾತಿನಲ್ಲಿ ಹೇಳಿದೆ. ಆಗಿದ್ದ ಸಾಹೇಬರು ನಿವೃತ್ತಿಯ ಅಂಚಿನಲ್ಲಿದ್ದವರು, ಯಾರಿಗೂ ಇಲ್ಲ ಅನ್ನುತ್ತಿರಲಿಲ್ಲ. "ರೆಕಾರ್ಡ್ ರೂಮಿಗೆ ಹಾಕಿಬಿಡಿ," ಎಂದರು. ನೋಡಿ, ಎಷ್ಟು ಚೆಂದ! ಮದುವೆಯೂ ಉಳಿಯಿತು, ಹಾರ್ಟೂ ಉಳಿಯಿತು, ಕಾಗದದ ಮೇಲೆ ಕಲೆಯೂ ಇಲ್ಲ. ಮನೆಗೆ ಹೋಗಿ ಹೆಂಡತಿಯ ಮುಂದೆ ಕೊಚ್ಚಿಕೊಂಡೆ.

ಸರ್ವೇಯರಮ್ಮನಿಗೆ ವಿಷಯ ತಿಳಿದಾಗ ರೇಗಿತು. ಕಚೇರಿಯಲ್ಲಿ ಅವಳು ನನ್ನ ಮೇಲೆ ದನಿ ಎತ್ತಿದ್ದು ಅದೊಂದೇ ಸಲ.

"ನಂದೇನು ಕದ್ದ ಮಾಲಾ ಸಾರ್ ಬಚ್ಚಿಡೋಕೆ? ಜ್ವರ ಬಂತು, ಹಾರ್ಟಿಗೆ ಏಟು ಬಿತ್ತು. ಇದರಲ್ಲಿ ನಾಚ್ಕೊಳ್ಳೋದೇನಿದೆ?"

"ಮೆಲ್ಲಗೆ ಮಾತಾಡಮ್ಮ, ಟಪಾಲಿನವನು ಇದಾನೆ."

"ಅಮ್ಮಂಗಂತೂ ತಿಳೀದು. ನಿಮಗೂ ತಿಳೀದಾ?"

ಹೆಣ್ಣುಮಕ್ಕಳ ವಿಷಯ ನಿನಗೆ ಈಗ ಅರ್ಥವಾಗುವುದಿಲ್ಲ ಎಂದೆ. ಹೆಣ್ಣುಮಗಳ ಎದುರಿಗೇ ಹೇಳಿದೆ.

ರೆಕಾರ್ಡ್ ರೂಮಿನಲ್ಲಿ ಅವಳು ಇದ್ದದ್ದು ನಾಲ್ಕು ತಿಂಗಳು. ಇಲಿ ಕಡಿದ ನಕಾಶೆಗಳಿಗೆಲ್ಲ ಬಟ್ಟೆ ಅಂಟಿಸಿ, ಊರು ಊರಿನ ಹೆಸರು ಬರೆದು ಜೋಡಿಸಿದಳು. ಸೋಮನಾಥಪುರದ ನಕಾಶೆ ಬೇಕೆಂದರೆ ಮೊದಲು ಮೂರು ದಿನ ಹುಡುಕುತ್ತಿದ್ದೆವು, ಈಗ ಕೂತಲ್ಲಿಂದಲೇ ಕೈ ಹಾಕಿ ಕೊಡುವಳು. ಇದರಿಂದ ಕಚೇರಿಗೆ ಸಂತೋಷವಾಯಿತೆಂದು ಯಾರಾದರೂ ತಿಳಿದರೆ ಅವರು ಕಚೇರಿ ನೋಡಿದವರಲ್ಲ. ಬಿಸಿಲಿಗೆ ಹೋಗುವ ಉಳಿದ ಸರ್ವೇಯರುಗಳು, "ನಮ್ಗೂ ಒಂದ್ ಜ್ವರ ಬರ್ಲಪ್ಪ," ಎಂದು ಕೇಳಿಸುವಂತೆ ಆಡಿಕೊಂಡರು. ನೋಡುವುದಕ್ಕೆ ಕಲ್ಲುಗುಂಡಿನ ಹಾಗಿದ್ದಾಳೆ, ಇವಳಿಗೇನು ಸುಸ್ತು ಎಂದರು. ಫೈಲಿನಲ್ಲಿ ನೋಡಿದರೆ ಸಂಪೂರ್ಣ ಗುಣಮುಖ. ನಾನೇ ಬರೆದದ್ದು.

ಬಸ್ಸಿನಲ್ಲೂ ಅದೇ ಕಥೆ. ಮೊದಲು ಅವಳು ಮುದುಕರಿಗೆ ಸೀಟು ಬಿಟ್ಟುಕೊಟ್ಟು ನಿಂತು ಬರುತ್ತಿದ್ದವಳು. ಈಗ ಒಂದು ದಿನ ನಿಲ್ಲಲಾಗದೆ, ಕಿಟಕಿ ಪಕ್ಕದಲ್ಲಿ ಕೂತಿದ್ದ ಗಟ್ಟಿಮುಟ್ಟಾದ ಗಂಡಸನ್ನು ಕೇಳಿದಳು.

"ಅಣ್ಣ, ನಂಗೆ ಹಾರ್ಟ್ ತೊಂದರೆ ಇದೆ. ಒಸಿ ಸೀಟ್ ಕೊಡ್ತೀರಾ?"

ಅವನು ಅವಳನ್ನು ಕಾಲಿನಿಂದ ತಲೆಯವರೆಗೆ ನೋಡಿದ. "ಈ ವಯ್ಸಲ್ಲಾ? ನಮ್ಮಪ್ಪುಂಗೇ ಅರ್ವತ್ತೈದಾದ್ಮೇಲೆ ಬಂದದ್ದು ಕಣವ್ವಾ," ಎಂದ, ಇವಳು ಸರದಿ ತಪ್ಪಿಸಿ ಮುಂದೆ ನುಗ್ಗಿದಳೋ ಎಂಬಂತೆ. ಸೀಟು ಬಿಡಲಿಲ್ಲ. ನಾನು ಎದ್ದು ನನ್ನ ಸೀಟು ಕೊಟ್ಟೆ. ಕೊಟ್ಟು ಬಾಯಿ ಮುಚ್ಚಿಕೊಂಡಿದ್ದೆನೇ? "ಹಂಗೆಲ್ಲ ಬಸ್ಸಲ್ಲಿ ಕೂಗಿ ಹೇಳಬೇಡಮ್ಮ, ಯಾರಾದ್ರೂ ಕೇಳಿಸ್ಕೊಂಡ್ರೆ," ಎಂದೆ. ಅವಳು ಕಿಟಕಿಯ ಕಡೆ ತಿರುಗಿಕೊಂಡಳು.

ಆದರೆ ಮೈ ಸುಧಾರಿಸುತ್ತಿತ್ತು, ಅದು ಕಣ್ಣಿಗೆ ಕಾಣುತ್ತಿತ್ತು. ಬಸ್ಸಿಳಿದವಳು ನಿಲ್ಲದೆ ಬೇಲಿಯ ಕಂಬ ದಾಟಿದಳು, ಪೆಟ್ಟಿಗೆ ಅಂಗಡಿ ದಾಟಿದಳು. ನಾಲ್ಕನೆಯ ತಿಂಗಳು ಮೈಸೂರಿಗೆ ಹೋಗಿ ಬಂದು, "ಹಾರ್ಟಿನ ಪಂಪಿಂಗ್ ಮೇಲಕ್ಕೆ ಬಂದಿದೆಯಂತೆ ಸಾರ್! ಇನ್ನೆರಡೇ ತಿಂಗಳು ಹಿಂಗೇ ಇರಿ, ಆಮೇಲೆ ಯಾವ ಬದು ಬೇಕಾದ್ರೂ ಹತ್ತಿ ಅಂದ್ರು," ಎಂದಳು. ಆ ದಿನ ಅವಳು ನಕ್ಕದ್ದು ನನಗೆ ಚೆನ್ನಾಗಿ ನೆನಪಿದೆ. ನನಗೂ ಸಂತೋಷವಾಯಿತು, ಸುಳ್ಳು ಹೇಳುವುದಿಲ್ಲ.

ಆ ತಿಂಗಳ ಕೊನೆಗೆ ಹಳೆಯ ಸಾಹೇಬರು ಹಾರ ಹಾಕಿಸಿಕೊಂಡು ಮನೆಗೆ ಹೋದರು. ಅವರ ಜೊತೆ ನನ್ನ ಬಾಯಿಮಾತೂ ಹೋಯಿತು.

ಹೊಸ ಸಾಹೇಬರಿಗೆ ಮೂವತ್ತೈದು ದಾಟಿರಲಿಲ್ಲ. ಬಂದವರೇ ಗೋಡೆಗೊಂದು ಚಾರ್ಟು ಹಾಕಿ ಬಾಕಿ ಹದ್ದುಬಸ್ತು ಅರ್ಜಿಗಳನ್ನೆಲ್ಲ ತಿಂಗಳೊಳಗೆ ಮುಗಿಸಬೇಕೆಂದರು. ಸರ್ವೇಯರಮ್ಮ ರೆಕಾರ್ಡ್ ರೂಮಿನಲ್ಲಿ ಯಾಕಿದ್ದಾರೆ ಎಂದು ಕೇಳಿದರು. ಫೈಲು ತರಿಸಿದರು. ನನ್ನ ಟಿಪ್ಪಣಿ ಓದಿದರು. ಅವಳು ಒಳಗೆ ಹೋಗಿ ಹೃದಯದ ವಿಷಯ ಇದ್ದಂತೆ ಹೇಳಿದಳು. ಅವರು ಒಳ್ಳೆಯವರೇ. "ಪೇಪರ್ ಇದ್ರೆ ತಂದುಕೊಡಿ ಮೇಡಂ, ಈಗಲೇ ಸಹಿ ಹಾಕ್ತೀನಿ. ಫೈಲಲ್ಲಿ ಗುಣಮುಖ ಅಂತಿದೆ, ಬಾಯಿಮಾತಿನ ಮೇಲೆ ನಾನು ಹೇಗೆ ಬಿಡಲಿ?" ಎಂದರು.

ಅವಳು ನೇರ ನನ್ನ ಟೇಬಲ್ಲಿಗೆ ಬಂದಳು.

"ಸಾರ್, ಡ್ರಾಯರ್ ತೆಗೀರಿ."

"ಸ್ವಲ್ಪ ತಡಿಯಮ್ಮ. ಭಾನುವಾರ ಗಂಡಿನ ಕಡೆಯವರು ಮಾತು ಮುಗಿಸೋಕೆ ಬರ್ತಾರಂತೆ, ನಿಮ್ಮಮ್ಮ ಫೋನ್ ಮಾಡಿದ್ರು. ಇವತ್ತು ಬುಧವಾರ. ನಾಲ್ಕು ದಿನ ತಾನೆ?"

"ನನ್ನ ಮದುವೆಗೆ ನಿಮಗಿರೋ ಆತುರ ನನಗೇ ಇಲ್ವಲ್ಲ ಸಾರ್!"

ಅಲ್ಲೇ ನಿಂತು ತಾಯಿಗೆ ಫೋನು ಮಾಡಿದಳು. ಆ ಕಡೆಯಿಂದ ಅಳು ನನಗೂ ಕೇಳಿಸಿತು. ಫೋನು ಇಟ್ಟು, "ಆಯ್ತು. ಭಾನುವಾರದ ತನಕ. ಆಮೇಲೆ ಒಂದು ದಿನವೂ ಇಲ್ಲ," ಎಂದಳು. ಗುರುವಾರ, ಶುಕ್ರವಾರ, ಶನಿವಾರ ಮೂರು ದಿನ ಹೊಲಕ್ಕೆ ಹೋದಳು. ಬೇಸಿಗೆ ಆಗತಾನೆ ಕಾಲಿಟ್ಟಿತ್ತು. ಸಂಜೆ ಬಸ್ಸಿನಲ್ಲಿ ಮಾತಾಡುತ್ತಿರಲಿಲ್ಲ, ಎದೆಯ ಮೇಲೆ ಕೈ ಇಟ್ಟುಕೊಂಡು ಕಣ್ಣು ಮುಚ್ಚಿರುತ್ತಿದ್ದಳು.

ಸೋಮವಾರ ಬೆಳಿಗ್ಗೆ ಬಂದವಳ ಮುಖದಲ್ಲಿ ಕಳೆ ಇತ್ತು.

"ಒಪ್ಪಿದ್ರು ಸಾರ್. ಹಿತ್ತಲಲ್ಲಿ ಇಬ್ಬರನ್ನೇ ಮಾತಾಡಿಸೋಕೆ ಬಿಟ್ಟಿದ್ರು. ಮೇಷ್ಟ್ರಿಗೆ ನಾನೇ ಎಲ್ಲ ಹೇಳಿಬಿಟ್ಟೆ. ಜ್ವರ, ಹಾರ್ಟು, ಆರು ತಿಂಗಳು, ಎಲ್ಲಾನೂ."

"ಅಯ್ಯೋ! ಏನಂದ?"

"'ಹಂಗಾದ್ರೆ ಆರು ತಿಂಗಳು ಮುಗಿದ ಮೇಲೆ ಮದುವೆ ಇಟ್ಕೊಳ್ಳೋಣ, ಅಲ್ಲೀತನಕ ನೀವು ಬಿಸಿಲಿಗೆ ಹೋಗಬೇಡಿ' ಅಂದ್ರು. ಅಷ್ಟೇ ಸಾರ್! ನಾವು ನಾಲ್ಕು ತಿಂಗಳಿಂದ ಬಚ್ಚಿಟ್ಟದ್ದು ಅಷ್ಟಕ್ಕೇ ಮುಗೀತು. ಈಗ ಕೊಡಿ ಆ ಕಾಗದ."

ಆ ಗಳಿಗೆಯಲ್ಲಿ ನಾನು ಮಾಡಬೇಕಾಗಿದ್ದದ್ದು ಡ್ರಾಯರು ಎಳೆಯುವುದು ಮಾತ್ರ. ಕೈ ಹೋಗಲಿಲ್ಲ, ತಲೆ ಓಡಿತು. ನಾಲ್ಕು ತಿಂಗಳ ಹಿಂದಿನ ಕಾಗದವನ್ನು ಇವತ್ತು ಏಕಾಏಕಿ ಮಂಡಿಸಿದರೆ ಇಷ್ಟು ದಿನ ಎಲ್ಲಿತ್ತು ಎಂದು ಸಾಹೇಬರು ನನ್ನನ್ನೇ ಕೇಳುತ್ತಾರೆ. ನಿವೃತ್ತಿಯ ವರ್ಷ. ಅದಕ್ಕೊಂದು ಸಮಜಾಯಿಷಿ ಹೊಂದಿಸಿ, ಒಳ್ಳೆಯ ಟಿಪ್ಪಣಿ ಬರೆಯಬೇಕು, ಅರ್ಧ ದಿನವಾದರೂ ಬೇಕು.

"ನಾಳೆ ಬೆಳಿಗ್ಗೆ ಮೊದಲ ಕೆಲಸ ಅದೇ ಕಣಮ್ಮ, ಚೆನ್ನಾಗಿ ಬರೆದು ಇಡ್ತೀನಿ," ಎಂದೆ. "ಇವತ್ತಿನ ಹದ್ದುಬಸ್ತಿಗೆ ಆಗಲೇ ನೋಟಿಸು ಹೋಗಿದೆ, ಜನ ಬಂದು ಕಾಯ್ತಿರ್ತಾರೆ. ಇವತ್ತೊಂದು ದಿನ ಹೋಗಿ ಬಾ."

ಅವಳು ನನ್ನನ್ನು ನೋಡಿದಳು. "ಇವತ್ತೊಂದು ದಿನ ಅಷ್ಟೇ ಸಾರ್," ಎಂದು ಟೋಪಿ ಹಾಕಿಕೊಂಡು ಹೋದಳು.

ಸೋಮನಾಥಪುರದಿಂದ ಆಚೆ, ನಾಲೆಯ ಬಯಲು. ಜೊತೆಗೆ ಹೋಗಿದ್ದ ನಮ್ಮ ಹಳೆಯ ಜವಾನ ಮಧ್ಯಾಹ್ನ ಫೋನು ಮಾಡಿದ.

"ಮೂರ್ ಕಲ್ಲು ನೋಡಾಗಿತ್ತು ಸಾ. ನಾಕ್ನೇದಕ್ಕೆ ಬದು ಅತ್ತುದ್ರು. 'ಒಸಿ ನಿಂತ್ಕತೀನಿ ಕಣಣ್ಣ' ಅಂದ್ರು. ನಿಂತ್ಕನಿಲ್ಲ ಸಾ, ಅಂಗೇ ಕುಸುದ್ಬುಟ್ರು."

ಅಲ್ಲಿ ಸೇರಿದ್ದ ಜನ ಒಳ್ಳೆಯವರು. ಗ್ಯಾಸು ಇರಬೇಕೆಂದು ಒಬ್ಬ ಬೈಕು ಹತ್ತಿ ಸೋಡಾ ತರಲು ಹೋಗಿದ್ದನಂತೆ. ಅವನು ಬರುವವರೆಗೆ ಕಾದರು. ಆಮೇಲೆ ಟೆಂಪೋದಲ್ಲಿ ಮಲಗಿಸಿ ಆಸ್ಪತ್ರೆಗೆ ಒಯ್ದರು. ದಾರಿಯಲ್ಲೇ ಹೋಗಿದ್ದಳು.

ಕಚೇರಿಯಲ್ಲಿ ಸಂತಾಪ ಸಭೆ ಮಾಡಿದೆವು. ಎರಡು ನಿಮಿಷದ ಮೌನದಲ್ಲಿ ಇಬ್ಬರ ಫೋನು ಹಾಡಿತು. ಮೌನ ಮುಗಿದ ಕೂಡಲೇ ಎಲ್ಲರಿಗೂ ಕಾರಣ ಹೊಳೆಯಿತು. ಒಬ್ಬರು ತಿಂಡಿ ತಿನ್ನದೇ ಇದ್ದದ್ದು ಎಂದರು, ಒಬ್ಬರು ಹೋಟೆಲಿನ ಎಣ್ಣೆ ಎಂದರು, ಒಬ್ಬರು ಮೊಬೈಲು ಎಂದರು. "ಜ್ವರ ಬಂದು ಪೂರ್ತಿ ವಾಸಿಯಾಗಿತ್ತಲ್ಲ, ಫೈಲಲ್ಲೇ ಇತ್ತು," ಎಂದ ಟಪಾಲಿನವನು. ಆ ವಾರ ಕಚೇರಿಗೆ ಕಚೇರಿಯೇ ಇ.ಸಿ.ಜಿ. ಮಾಡಿಸಲು ಸಾಲು ನಿಂತಿತು. ನಾನೂ ನಿಂತೆ. ವೈರು ಬಿಚ್ಚುತ್ತಾ ಲ್ಯಾಬಿನ ಹುಡುಗಿ, "ನಿಮ್ಮ ಹಾರ್ಟ್ ಚೆನ್ನಾಗಿದೆ ಅಂಕಲ್, ಗ್ಯಾಸ್ ಇರಬಹುದು ಅಷ್ಟೇ," ಎಂದಳು. ಐವತ್ತೊಂಬತ್ತು ವರ್ಷದ ನನ್ನ ಹೃದಯ ಚೆನ್ನಾಗಿದೆ ಎಂದು ಕೇಳಿ ನನಗೆ ಆ ಬೆಂಚಿನ ಮೇಲೇ ಅಳು ಬಂತು.

ತಿಂಗಳ ನಂತರ ಅವಳ ತಾಯಿ ಬಂದರು. ಜೊತೆಗೆ ಕಿರಿಯ ಮಗಳು, ನಂಜನಗೂಡಿನಲ್ಲಿ ಬಿ.ಎಸ್ಸಿ. ಓದುತ್ತಿರುವವಳು. ಅಕ್ಕ ತೀರಿಹೋದದ್ದಕ್ಕೆ ತಂಗಿಗೆ ಅನುಕಂಪದ ನೌಕರಿ ಕೇಳುವ ಅರ್ಜಿ. ಅದನ್ನು ಬರೆದು ಮೇಲಕ್ಕೆ ಕಳಿಸುವವನೂ ನಾನೇ. ಒಂದೊಂದೇ ಕಾಲಮ್ಮು ತುಂಬುತ್ತಾ ಬಂದೆ. 'ಮರಣಕ್ಕೆ ಕಾರಣ' ಎನ್ನುವಲ್ಲಿ ಪೆನ್ನು ನಿಂತಿತು.

"ಅಲ್ಲಿ ಜ್ವರ ಅಂತ್ಲೇ ಬರ್ಕಬುಡಿ ಸಾ," ಎಂದರು ತಾಯಿ. "ಆರ್ಟು ಅಂದ್ರೆ ವಂಸದಲ್ಲೇ ಅದೆ ಅಂತಾರೆ. ಇನ್ನು ಇವ್ಳೊಬ್ಳವ್ಳೆ."

ನನಗೆ ಆ ತಾಯಿಯ ಮೇಲೆ ಸಿಟ್ಟು ಬಂತು. ಅದರ ಬೆನ್ನಿಗೇ, ಸಿಟ್ಟು ಮಾಡಲು ನಾನ್ಯಾರು ಎಂದು ನಾಚಿಕೆಯಾಯಿತು. ಕಿರಿಯವಳು ತಾಯಿಯ ಕಡೆ ತಿರುಗಿದಳು.

"ನಂಗೂ ಒಂದಿನ ಜ್ವರ ಬತ್ತದೆ ಕಣಮ್ಮ," ಎಂದಳು.

ತಾಯಿ ಮಗಳ ಮುಖ ನೋಡಿದರು. ನಾನು ಡ್ರಾಯರು ಎಳೆದು ಮೈಸೂರಿನ ಡಾಕ್ಟರ ಕಾಗದವನ್ನು ಅರ್ಜಿಯ ಜೊತೆ ಪಿನ್ನು ಮಾಡಿದೆ. 'ವೈರಲ್ ಜ್ವರ ವಾಸಿಯಾದ ನಂತರ ಹೃದಯದ ಸ್ನಾಯುವಿಗೆ ಬಂದ ಉರಿಯೂತ. ಆರು ತಿಂಗಳು ಹಗುರ ಕೆಲಸ ಕೊಡಬೇಕೆಂಬ ವೈದ್ಯರ ಪತ್ರವನ್ನು ನಾನು ಮಂಡಿಸಿರುವುದಿಲ್ಲ' ಎಂದು ಬರೆದು, ಕೆಳಗೆ ನನ್ನ ಹೆಸರು ಹಾಕಿ ಸಹಿ ಮಾಡಿದೆ.

"ಏನ್ ಬರುದ್ರು, ಓದು," ಎಂದರು ತಾಯಿ.

ಮಗಳು ನಿಧಾನವಾಗಿ ಓದಿದಳು. ತಾಯಿ ಕೇಳಿಸಿಕೊಂಡರು. ಸೆರಗಿನಿಂದ ಬಾಯಿ ಒರೆಸಿಕೊಂಡು ನನ್ನ ಕಡೆ ತಿರುಗಿದರು.

"ನಾನು ಓದ್ನಾರ್ದೋಳು, ಏನೋ ಏಳ್ದೆ ಸಾ. ನೀವು ಓದ್ದೋರು, ಆವತ್ತೇ ಇದ ಬರ್ಯಕ್ಕಾಗ್ನಿಲ್ವಾ?"